ಕುಂಟುವ ಮಟ್ಟಿನ ಒಡೆಯ

ಭಾಗ್ಯನಗರದ ಹಿಟ್ಟಿನ ಗಿರಣಿಯ ಕಳಕಪ್ಪನಿಗೆ ಎರಡು ಸಂಗತಿ ಕಂಡರಾಗುತ್ತಿರಲಿಲ್ಲ: ಜೋಳದಲ್ಲಿ ಕಲ್ಲು, ಊರ ಬಾಯಲ್ಲಿ ಕ್ಲಾರಿನೆಟ್ ಊದುವ ಟಿಪ್ಪುಸಾಬನ ಹೆಸರು. ಕಲ್ಲನ್ನಾದರೂ ಆರಿಸಿ ಎಸೆಯಬಹುದಿತ್ತು.

ಹೊಟ್ಟೆಕಿಚ್ಚಿಗೆ ಕಾರಣ ಒಂದು ಮಟ್ಟು. ಕೊಪ್ಪಳದಿಂದ ಯಲಬುರ್ಗಾದವರೆಗೆ ಮದುಮಗಳನ್ನು ಕಳಿಸಿಕೊಡುವಾಗ ಅದನ್ನೇ ನುಡಿಸುತ್ತಿದ್ದರು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡು, "ಟಿಪ್ಪುಸಾಬನ ಮಟ್ಟು ಬಂತವ್ವಾ" ಎನ್ನುತ್ತಿದ್ದರು. ಅದು ಕಿವಿಗೆ ಬಿದ್ದರೆ ಸಾಕು, ಕಳಕಪ್ಪ ಕಾಳಿಲ್ಲದಿದ್ದರೂ ಗಿರಣಿ ಚಾಲೂ ಮಾಡುತ್ತಿದ್ದ.

ಗಿರಣಿಯ ಜೊತೆಗೆ ಅವನು ಮದುವೆಗಳಲ್ಲಿ ಪಿಟೀಲನ್ನೂ ನುಡಿಸುತ್ತಿದ್ದ; ಮಟ್ಟು ಹುಟ್ಟಿದ್ದು ಆ ಪಿಟೀಲಿನಲ್ಲೇ. ೧೯೯೭ರಲ್ಲಿ, ಯಲಬುರ್ಗಾ ಕಡೆಯ ಮಂಗಳೂರಿನ ಮದುವೆಯಲ್ಲಿ, ಮದುಮಗಳು ಹೊಸ್ತಿಲು ದಾಟುವಾಗ ಒಂದು ತಂತಿ ಪಟ್ಟನೆ ಹರಿಯಿತು. ಆ ಹೊತ್ತಿಗೆ ವಾದ್ಯ ನಿಂತರೆ ಹುಡುಗಿಗೆ ಒಳ್ಳೆಯದಲ್ಲವೆಂಬ ನಂಬಿಕೆ. ಕಳಕಪ್ಪ ನಿಲ್ಲಿಸಲಿಲ್ಲ, ಹರಿದ ತಂತಿಯ ಸ್ವರ ಬಂದಲ್ಲೆಲ್ಲ ಹಾರಿಸಿ ನುಡಿಸಿದ. ಮಟ್ಟು ಕುಂಟತೊಡಗಿತು. ಪಕ್ಕದಲ್ಲಿ ಕ್ಲಾರಿನೆಟ್ ಊದುತ್ತಿದ್ದ ಟಿಪ್ಪುಸಾಬನೂ ಹಿಂದೆಯೇ ಕುಂಟಿದ. ಮರುದಿನ ಕಳಕಪ್ಪ ಹೊಸ ತಂತಿ ಕಟ್ಟಿ ಆ ಕುಂಟು ಮಟ್ಟನ್ನು ಮರೆತ. ಟಿಪ್ಪುಸಾಬ ಊರೂರು ಊದಿ ಹೆಸರು ಮಾಡಿದ.

ವರ್ಷಗಳ ಮೇಲೆ, ಕುಷ್ಟಗಿಯ ಒಂದು ಮದುವೆಯಲ್ಲಿ ಬೀಗರು ಆ ಮಟ್ಟು ಮೆಚ್ಚಿ ಟಿಪ್ಪುಸಾಬನಿಗೆ ಶಾಲು ಹೊದಿಸಿದರು. ಊಟಕ್ಕೆ ಕೂತಿದ್ದ ಕಳಕಪ್ಪ ಎಂಜಲುಗೈಯಲ್ಲೇ ಎದ್ದ.

"ಆ ಮಟ್ಟು ನಂದೈತ್ರೀ! ನನ್ನ ಪಿಟೀಲಿನ್ಯಾಗ ಹುಟ್ಟಿದ್ದು!"

ಟಿಪ್ಪುಸಾಬ ಕೈಮುಗಿದ. "ಖರೇನ ಐತ್ರಿ. ಅಣ್ಣಾರ ಕಡಿಂದನ ಕಲ್ತೀನಿ. ನಡುವ ಆ ಕುಂಟೂದು ಹೆಂಗ ಬಂತು, ನೀವ ಹೇಳ್ರಿ ಅಣ್ಣಾರ."

ಶಾಲು ಆಗಲೇ ಟಿಪ್ಪುಸಾಬನ ಹೆಗಲಿಂದ ಇಳಿದು ಕಳಕಪ್ಪನತ್ತ ಹೊರಟಿತ್ತು. ತಂತಿ ಹರಿದಿತ್ತು ಎಂದರೆ ಮುಗಿಯುತ್ತಿತ್ತು. ಆದರೆ, ತನ್ನ ಪಿಟೀಲು ಒಂದು ಸ್ವರವನ್ನೂ ತಪ್ಪಿದ್ದಿಲ್ಲವೆಂದು ಕಾಳು ಬೀಸಲು ಬಂದವರಿಗೆಲ್ಲ ಹೇಳಿಕೊಂಡು ಬಂದ ಮನುಷ್ಯ ಅವನು.

"ಮಟ್ಟು ನಂದು," ಎಂದ ಕಳಕಪ್ಪ, "ಕುಂಟೂದು ಇವಂದು."

ಮದುಮಗಳ ಅಜ್ಜಿ ಯಮನೂರಮ್ಮ ನಕ್ಕಳು. "ಆ ಕುಂಟೂದಕ್ಕನ ಅಳು ಬರೂದೋ ಯಪ್ಪಾ! ನೆಟ್ಟಗ ಬಾರಿಸಿದ್ರ ಯಾರು ಅಳ್ತಾರ?"

ಶಾಲು ಮರಳಿ ಟಿಪ್ಪುಸಾಬನ ಹೆಗಲೇರಿತು.

ಮನೆಗೆ ಬಂದವನೇ ಕಳಕಪ್ಪ ಪಿಟೀಲು ತೆಗೆದ. ಮಟ್ಟನ್ನು ಒಂದು ಸ್ವರವನ್ನೂ ಬಿಡದೆ, ನೆಟ್ಟಗೆ, ಮೊದಲಿಂದ ಕೊನೆಯವರೆಗೆ ನುಡಿಸಿದ. ಒಳಗೆ ರೊಟ್ಟಿ ತಟ್ಟುತ್ತಿದ್ದ ಹೆಂಡತಿ ಮಲ್ಲೇಶ್ವರಿ ಕೈ ನಿಲ್ಲಿಸಿ ಕೇಳಿದಳು.

"ಛಲೋ ಐತ್ರಿ," ಎಂದಳು. "ಯಾವದದು?"