ಅರ್ಧ ನರಿಯ ಲೆಕ್ಕ

ಅವರ ಹಿಮ್ಮಡಿಯ ಬಿರುಕುಗಳಲ್ಲಿ ಸದಾ ಕಪ್ಪು ಕೆಸರು ಕೂತಿರುತ್ತಿತ್ತು. ಎಷ್ಟು ಉಜ್ಜಿದರೂ ಹೋಗದ, ಖಾಡಿಯಂಚಿನ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡಿನ ಕೆಸರು. ಕಾಲೇಜಿನ ಸ್ಟಾಫ್ ರೂಮಿನಲ್ಲಿ ಉಳಿದವರು ಮುಖ ತಿರುಗಿಸಿದಷ್ಟೂ ನಮ್ಮ ಗಣಿತದ ಮೇಡಂ ಚಪ್ಪಲಿ ಬಿಟ್ಟು, ಎದುರಿನ ಕುರ್ಚಿಯ ಮೇಲೆ ಕಾಲು ಚಾಚಿ ಚಹಾ ಕುಡಿಯುತ್ತಿದ್ದರು.

ವಿಜಯಪುರದ ಕಡೆಯವರು. ವಿಕ್ರೋಳಿಯ ಚಾಳಿನಲ್ಲಿ ಬೆಳೆದ ನಾನು, ಅವ್ವ ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರ ಕೊಡುವವಳು. ಮೇಡಂ ಬಿಡಲಿಲ್ಲ. “ಕನ್ನಡದಾಗ ತಪ್ಪು ಮಾಡು, ನಡೀತದ. ಲೆಕ್ಕದಾಗ ಮಾಡಿದ್ರ ಹೊರಗ ಹಾಕ್ತೀನಿ” ಅಂದರು.

ಭಾನುವಾರ ಬೆಳಿಗ್ಗೆ, ನೀರು ಇಳಿದ ಹೊತ್ತಿನಲ್ಲಿ ನನ್ನನ್ನು ಕಾಂಡ್ಲಾ ಕಾಡಿಗೆ ಕರೆದೊಯ್ಯುತ್ತಿದ್ದರು. ಒಂದು ಕಡೆ ಖಾಡಿ, ಒಂದು ಕಡೆ ಬಿಲ್ಡಿಂಗು, ಇನ್ನೊಂದು ಕಡೆ ಹೈವೇ. ನಡುವಿನ ಆ ತುಂಡಿನಲ್ಲಿ ಏಡಿ, ಇಲಿ ತಿಂದು ಬದುಕುವ ಕೆಲವೇ ಗುಳ್ಳೆನರಿಗಳು. ರಸ್ತೆಯ ಕೆಳಗಿನ ಒಂದು ಮೋರಿಯೇ ಅವುಗಳಿಗೆ ಆಚೆಯ ಕಾಡಿಗೆ ದಾರಿ. ನಾವು ಏಡಿಯ ಬಿಲ ಎಣಿಸಿದೆವು, ಹೆಜ್ಜೆ ಅಳೆದೆವು. ಏಡಿ, ಇಲಿ ಹೆಚ್ಚಿದರೆ ನರಿ ಹೆಚ್ಚುತ್ತದೆ, ನರಿ ಹೆಚ್ಚಿದರೆ ಅವು ಇಳಿಯುತ್ತವೆ, ಆಮೇಲೆ ನರಿಯೂ ಇಳಿಯುತ್ತದೆ. ಇದನ್ನೆಲ್ಲ ಅವರು ಎರಡು ಸಮೀಕರಣಗಳಲ್ಲಿ ಬರೆದು ತೋರಿಸಿದರು. ಬರೆದವರೇ ಬೈದರು: “ಇದು ಸಾವಿರಗಟ್ಟಲೆ ಪ್ರಾಣಿಗೆ ಸರಿ. ಐದಾರು ಇದ್ದಲ್ಲಿ ಒಂದೊಂದನ್ನೂ ಇಡಿಯಾಗಿ ಎಣಸಬೇಕು. ಕಾಗದದ ಮ್ಯಾಲ ಅರ್ಧ ನರಿ ಇರ್ತದ, ಕೆಸರಿನಾಗ ಇರಂಗಿಲ್ಲ.”

ಅದು ನನಗೆ ಅರ್ಥವಾಗಿತ್ತು. ಅರ್ಥವಾಗಿಯೂ ಅದೇ ತಪ್ಪು ಮಾಡಿದೆನಲ್ಲ, ನನ್ನ ಮೇಲಿನ ಆ ಸಿಟ್ಟು ಇವತ್ತಿಗೂ ಆರಿಲ್ಲ.

ಓದು ಮುಗಿಸಿ, ಬಿಲ್ಡರುಗಳಿಗೆ ಪರಿಸರದ ವರದಿ ಬರೆದುಕೊಡುವ ಕಂಪನಿ ಸೇರಿದೆ. ಅದೇ ಮೋರಿಯನ್ನು ಮುಚ್ಚಿ ಗೋಡೆ ಕಟ್ಟುವ ಕಾಮಗಾರಿಯ ಕಡತ ನನ್ನ ಮೇಜಿಗೇ ಬಂತು. ಬಾಸ್‌ಗೆ ನರಿಗಳಿಗೆ ತೊಂದರೆಯಿಲ್ಲ ಎಂದು ತೋರಿಸುವ ಒಂದು ಚಂದದ ಗ್ರಾಫ್ ಬೇಕಿತ್ತು. ಮೇಡಂ ಬೇಡವೆಂದಿದ್ದ ಆ ಎರಡು ಸಮೀಕರಣಗಳಿಂದಲೇ ಗೆರೆ ಎಳೆದೆ. ನರಿಗಳ ಗೆರೆ ತಳದವರೆಗೆ ಇಳಿದು, ನುಣ್ಣಗೆ ಮೇಲೆದ್ದಿತು. “ಬಸ್, ಯಹೀ ಚಾಹಿಯೇ ಥಾ” ಅಂದ ಬಾಸ್.

ಸಾರ್ವಜನಿಕ ಅಹವಾಲಿನ ಸಭೆಗೆ ಮೇಡಂ ಬಂದಿದ್ದರು. ಅಧಿಕಾರಿ ಪರದೆಯ ಮೇಲೆ ಗೆರೆ ಮತ್ತೆ ಮೇಲೇರುವ ಜಾಗ ತೋರಿಸಿ, “ಮೇಡಂ, ದೇಖಿಯೇ, ವಾಪಸ್ ಊಪರ್ ಜಾ ರಹಾ ಹೈ” ಅಂದರು. ಮೇಡಂ ಅಧಿಕಾರಿಯತ್ತ ನೋಡಲಿಲ್ಲ. ನನ್ನನ್ನು ಕೇಳಿದರು, ಕನ್ನಡದಲ್ಲಿ.

“ತಳದಾಗ ಎಷ್ಟು ನರಿ ಅದಾವ?”

“ಸೊನ್ನೆ ಪಾಯಿಂಟ್ ಆರು.”

“ಅರ್ಧ ನರಿ ಮರಿ ಹೆಂಗ ಹಾಕತದ, ಹೇಳು.”

ನಾನು ಲ್ಯಾಪ್‌ಟಾಪ್‌ನಲ್ಲಿ ಮುಂದಿನ ಸ್ಲೈಡ್ ಒತ್ತಿದೆ. ಅಧಿಕಾರಿ ಗಡಿಯಾರ ನೋಡಿ ಮುಂದಿನ ವಿಷಯಕ್ಕೆ ಹೋದರು. ವರದಿ ಪಾಸಾಯಿತು, ಮೋರಿ ಮುಚ್ಚಿತು.

ಎರಡು ಮಳೆಗಾಲ ಅವರು ನನ್ನ ಫೋನ್ ಎತ್ತಲಿಲ್ಲ. ಮೂರನೆಯ ವರ್ಷ ಅವರೇ ಕರೆ ಮಾಡಿದರು. ಹೊಟ್ಟೆಯ ಕ್ಯಾನ್ಸರು; ನಡೆಯಲು ಕೋಲು ಬೇಕಾಗಿತ್ತು. “ಬೈಯಾಕ ಕರದಿಲ್ಲ. ಕೆಸರಿನಾಗ ಒಬ್ಬಾಕೀನ ಇಳಿಯಾಕ ಆಗವಲ್ದು, ಅದಕ್ಕ ಕರದೀನಿ.” ನಾಲ್ಕು ಭಾನುವಾರ ಹೋದೆವು. ಗೋಡೆಯ ಬುಡದಲ್ಲಿ ಒಂದೇ ನರಿಯ ಹೆಜ್ಜೆ, ಮೋರಿಯಿದ್ದ ಜಾಗದವರೆಗೆ ಬಂದು ತಿರುಗಿದ್ದು. ಐದನೆಯ ಭಾನುವಾರ ಅದೂ ಇರಲಿಲ್ಲ. ಇಲಿಯ ಬಿಲ ಮಾತ್ರ ಎಲ್ಲೆಡೆ. ನಮ್ಮ ಚಾಳಿನಲ್ಲೂ ಆ ವರ್ಷ ಇಲಿಯ ಕಾಟ ವಿಪರೀತ. ಮೇಡಂ ನರಿಗಳ ಎಣಿಕೆಯ ವಹಿಯಲ್ಲಿ ಸೊನ್ನೆ ಬರೆದರು. “ಸಹಿ ನೀ ಮಾಡು” ಅಂದು ಪೆನ್ನು ಕೊಟ್ಟರು. ಮಾಡಿದೆ.

ಅವರು ತೀರಿಕೊಂಡ ಮೇಲೆ ಕಾಲೇಜಿನ ಶೋಕಸಭೆಗೆ ನನ್ನ ಬಾಸ್ ಕೂಡ ಬಂದಿದ್ದ. “ಬಹುತ್ ಶಾಂತ್ ಸ್ವಭಾವ್ ಕೀ ಥೀಂ” ಅಂದ. ನಾನು ಎದ್ದು ನಿಂತೆ. ಅವರು ಶಾಂತರಾಗಿರಲಿಲ್ಲ, ನನ್ನ ಮೇಲೆ, ಈ ಮನುಷ್ಯನ ಮೇಲೆ ಸಿಟ್ಟಿಟ್ಟುಕೊಂಡೇ ಹೋದರು, ಅದು ನ್ಯಾಯದ ಸಿಟ್ಟು ಎಂದೆ. ಆ ಗೆರೆ ಎಳೆದವಳು ನಾನೇ ಎಂದೂ ಹೇಳಿದೆ. ಮರುದಿನ ನೌಕರಿ ಹೋಯಿತು.

ವರದಿ ಸುಳ್ಳು, ಮೋರಿ ತೆರೆಯಿರಿ ಎಂದು ನನ್ನ ಹೆಸರಿನಲ್ಲೇ ಅರ್ಜಿ ಕೊಟ್ಟಿದ್ದೇನೆ. ಆಚೆಯ ಕಾಡಿನಲ್ಲಿ ಇನ್ನೂ ನರಿಗಳಿವೆ; ದಾರಿ ಸಿಕ್ಕರೆ ಬರಬಹುದು. ಪ್ರತಿ ಮಂಗಳವಾರ ಅರ್ಜಿ ಕೊಟ್ಟ ಕಚೇರಿಗೆ ಹೋಗುತ್ತೇನೆ. “ಪುನ್ಹಾ ತುಮ್ಹೀ?” ಎನ್ನುತ್ತಾನೆ ಗುಮಾಸ್ತ. ಹೌದು, ಮತ್ತೆ ನಾನೇ, ಎಂದು ಬೆಂಚಿನ ಮೇಲೆ ಕೂರುತ್ತೇನೆ. ಅರ್ಜಿ ನೋಡಬೇಕಾದ ಸಾಹೇಬರು ಊಟಕ್ಕೆ ಏಳುವಾಗ ನನ್ನನ್ನು ದಾಟಿಕೊಂಡೇ ಹೋಗಬೇಕು.