ಹೋಲಿಕೆ ಪಟ್ಟಿಯಿಂದ ತೆಗೆದ ಸಾಲು

ದಾಳಿ ಹೆಲಿಕಾಪ್ಟರ್‌ಗಳ ಹೋಲಿಕೆ ಬರೆಯುವುದು ನಮ್ಮ ಸುದ್ದಿತಾಣದಲ್ಲಿ ಕಷ್ಟದ ಕೆಲಸವಲ್ಲ. ನೆರೆಯ ದೇಶ ಹೊಸದೇನಾದರೂ ಕೊಂಡಿತೆಂದು ಸುದ್ದಿ ಬಂದರೆ ಸಾಕು, ಬೆಂಗಳೂರಿನ ಡೆಸ್ಕ್‌ನಿಂದ ಫೋನ್ ಬರುತ್ತದೆ. ವಿಶಾಖಪಟ್ಟಣದ ಮಧುರವಾಡದಲ್ಲಿರುವ ಮನೆಯಿಂದಲೇ ನಾನು ರಕ್ಷಣಾ ಸುದ್ದಿ ಬರೆಯುತ್ತೇನೆ. ಪಟ್ಟಿಯ ಎಡಗಡೆ ನಮ್ಮದು, ಬಲಗಡೆ ಅವರದು. ಎಂಜಿನ್, ಹಾರುವ ಎತ್ತರ, ಕ್ಷಿಪಣಿ, ತೋಪು. ಪ್ರತಿ ಸಾಲಿನಲ್ಲಿ ಯಾರದು ಮೇಲೋ ಅವರ ಕಡೆ ಹಸಿರು ಗುರುತು. ಎರಡೂ ಕಡೆ ಒಂದೇ ಇದ್ದರೆ ಆ ಸಾಲನ್ನೇ ತೆಗೆಯುವುದು ಡೆಸ್ಕಿನ ರೂಢಿ. ಸಮ ಇರುವುದನ್ನು ಓದುಗರು ಯಾಕೆ ನೋಡುತ್ತಾರೆ ಎಂಬುದು ಅದರ ಹಿಂದಿನ ಮಾತು.

ಪಾಕಿಸ್ತಾನ ಚೀನಾದಿಂದ ಝಡ್-10 ಪಡೆದಾಗ ನಾನು ಅದನ್ನು ನಾವೇ ಕಟ್ಟಿದ ಪ್ರಚಂಡ ಮತ್ತು ಅಮೆರಿಕದಿಂದ ಕೊಂಡ ಅಪಾಚೆಯ ಜೊತೆ ಹೋಲಿಸಿ ಬರೆದೆ. ಎರಡು ಮೂಲಗಳಲ್ಲಿ ಸಿಗದ ಅಂಕಿಯನ್ನು ಬಿಟ್ಟೆ. ಕಾಗದದ ಮೇಲಿನ ಯಂತ್ರ ಬೇರೆ, ಯುದ್ಧದೊಳಗಿನ ಯಂತ್ರ ಬೇರೆ ಎಂದು ಕೊನೆಯಲ್ಲೊಂದು ವಾಕ್ಯವನ್ನೂ ಸೇರಿಸಿದೆ.

ಎರಡು ದಿನ ಬಿಟ್ಟು ವಿಜಯವಾಡದಿಂದ ಅಕ್ಕ ಫೋನ್ ಮಾಡಿದಳು. ನಾವು ಬಳ್ಳಾರಿ ಕಡೆಯವರು. ಭಾವ ಆಟೋನಗರ್‌ನಲ್ಲಿ ಲಾರಿಗಳಿಗೆ ಬಾಡಿ ಕಟ್ಟುವ ಶೆಡ್ ನಡೆಸುತ್ತಾರೆ. ಅವರ ಒಬ್ಬಳೇ ಮಗಳು ವಾಯುಪಡೆಯಲ್ಲಿ ಹೆಲಿಕಾಪ್ಟರ್ ಹಾರಿಸುವ ತರಬೇತಿಯ ಕೊನೆಯ ಹಂತದಲ್ಲಿದ್ದಳು, ರಜೆಗೆ ಬಂದಿದ್ದಳು. ಮುಂದೆ ಯಾವ ಬಗೆಯ ಹೆಲಿಕಾಪ್ಟರ್ ಬೇಕೆಂದು ವಾಯುಪಡೆಯವರು ಇಷ್ಟ ಕೇಳುತ್ತಾರೆ, ಕೊಡುವುದು ಬಿಡುವುದು ಅವರ ತೀರ್ಮಾನ.

"ನೀ ಬರ್ದಿದ್ದು ಮೊಬೈಲಾಗ ಎಲ್ರಿಗೂ ತೋರಿಸ್ಕೋಂತ ತಿರುಗ್ತಾಳ" ಎಂದಳು ಅಕ್ಕ. "ಸಾಮಾನು ಒಯ್ಯೋದು ಕೇಳವ್ವಾ ಅಂದ್ರ ಕಿವಿ ಮ್ಯಾಲೆ ಹಾಕ್ಕೊಳವಲ್ಲಳು. ನೀನೇ ಹಚ್ಚೀದಿ, ನೀನೇ ಬಂದು ಬಿಡಿಸು."

ಬೆಳಗಿನ ರೈಲು ಹಿಡಿದು ಹೋದೆ. ಶೆಡ್ಡಿನ ಮೇಲಿನ ಮನೆಯಲ್ಲಿ ಊಟಕ್ಕೆ ರೊಟ್ಟಿ, ಗೋಂಗೂರ ಪಚ್ಚಡಿ ಇತ್ತು. ಹುಡುಗಿ ಅಲ್ಲೇ ಬೆಳೆದವಳು, ತೆಲುಗಿನವರ ಹಾಗೆ ಚಿಕ್ಕಮ್ಮನನ್ನು ಪಿನ್ನಿ ಎನ್ನುತ್ತಾಳೆ.

"ಅಮ್ಮ ವಕೀಲರನ್ನ ಕರೆಸಿದಾಳೆ ನಾನ್ನಾ" ಎಂದಳು ಅಪ್ಪನಿಗೆ.

"ವಕೀಲರಿಗೆ ಇನ್ನೊಂದಿಷ್ಟು ಪಚ್ಚಡಿ ಹಾಕು, ಬಾಯಿ ಉರಿದ್ರ ವಾದ ಗಿಡ್ಡ ಆಗ್ತದ" ಎಂದರು ಭಾವ.

ನಾನು ಅಳೆದು ಸುರಿದು ಮಾತು ಶುರು ಮಾಡಿದೆ. ಆಕೆ ಪಟ್ಟಿಯನ್ನೇ ತೆರೆದು ಮುಂದೆ ಹಿಡಿದಳು.

"ಇದ್ರಲ್ಲಿ ಒಂದಾದ್ರೂ ತಪ್ಪು ಇದೆಯಾ ಪಿನ್ನಿ? ಹೇಳಂಡಿ."

"ಇಲ್ಲ. ಆದರೆ ಕೊನೆಯ ವಾಕ್ಯ ಓದಿದೆಯಾ?"

"ಲಾಸ್ಟ್ ಲೈನ್ ಯಾರು ಓದ್ತಾರೆ? ನೀವೂ ಅದಕ್ಕೇ ಅಲ್ವಾ ಅಲ್ಲಿ ಹಾಕಿದ್ದು!"

ಭಾವ ನಕ್ಕರು, ನಾನೂ ನಕ್ಕೆ. ಅಕ್ಕ ರೊಟ್ಟಿ ಬಡಿಸುವುದನ್ನು ನಿಲ್ಲಿಸಿ ಕೇಳಿದಳು: "ಅದ್ರಾಗ ಎಷ್ಟು ಮಂದಿ ಕೂಡ್ತಾರ?"

"ಇಬ್ಬರು. ಮುಂದೊಬ್ಬರು, ಹಿಂದೊಬ್ಬರು."

"ಅವರದ್ರಾಗ?"

"ಅವರದರಲ್ಲೂ ಇಬ್ಬರೇ."

"ಇದು ನಿನ್ನ ಪಟ್ಟಿಯಾಗ ಇಲ್ಲಲ್ಲ."

"ಎರಡೂ ಕಡೆ ಒಂದೇ ಇತ್ತು ಅಕ್ಕ. ಅದಕ್ಕೆ ತೆಗೆದೆ."

ಹೇಳಿದ ಮೇಲೆ ಅದು ನನ್ನ ಕಿವಿಗೇ ಬೇರೆಯಾಗಿ ಕೇಳಿಸಿತು. ಕೆಳಗೆ ಶೆಡ್ಡಿನಲ್ಲಿ ತಗಡು ಬಡಿಯುತ್ತಿದ್ದರು.

"ಆ ಇಬ್ಬರಲ್ಲಿ ಒಬ್ಬಳಾಗೋಕೇ ನಾನು ಸೇರಿದ್ದು ಅಮ್ಮಾ" ಎಂದಳು ಹುಡುಗಿ, ಮೊದಲ ಬಾರಿಗೆ ನಗದೆ.

ಅಕ್ಕ ನನ್ನತ್ತ ನೋಡಿದಳು. ಬೇಡ ಎನ್ನಲು ನನ್ನನ್ನು ಅಷ್ಟು ದೂರದಿಂದ ಕರೆಸಿದ್ದಳು. ಮಗಳು ಯೋಚಿಸಿಯೇ ಹೇಳುತ್ತಿದ್ದಾಳೆ, ಆ ಮಾತಿಗೆ ಗೌರವ ಕೊಡಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಅದು ಪೂರ್ತಿ ಸುಳ್ಳಲ್ಲ. ಆದರೆ ನನ್ನ ಬರಹವನ್ನು ಆಕೆ ಊರಿಗೆಲ್ಲ ತೋರಿಸಿದ್ದು ಒಳಗೊಳಗೇ ಹಿತವಾಗಿತ್ತು, ಅದನ್ನು ಕಳೆದುಕೊಳ್ಳಲು ಮನಸ್ಸಿರಲಿಲ್ಲ. ನಾನು ತಟ್ಟೆಯಲ್ಲೇ ಕೈಯಾಡಿಸುತ್ತ ಕೂತೆ.

ಸ್ಟೇಷನ್ನಿಗೆ ಬಿಡಲು ಅಕ್ಕ ಒಬ್ಬಳೇ ಬಂದಳು. ರೈಲು ಬರುವವರೆಗೂ ಊರಿನ ಮಾತಾಡಿ, ಹತ್ತುವಾಗ ಪಚ್ಚಡಿಯ ಡಬ್ಬಿ ಕೈಗಿಟ್ಟಳು. "ನಿನ್ನ ಬೈಯಂಗಿಲ್ಲ. ಮುಂದಿನ ಸರ್ತಿ ಅದನ್ನೂ ಬರಿ, ಅಷ್ಟ."

ಹುಡುಗಿ ದಾಳಿ ಹೆಲಿಕಾಪ್ಟರನ್ನೇ ಕೇಳಿದ್ದಾಳೆ. ತೀರ್ಮಾನ ಇನ್ನೂ ಬಂದಿಲ್ಲ.

ಕಳೆದ ವಾರ ಪಟ್ಟಿಯನ್ನು ಹೊಸದಾಗಿ ಮಾಡಿಕೊಡಲು ಡೆಸ್ಕ್‌ನವರು ಕೇಳಿದರು. ಮೊದಲ ಸಾಲನ್ನೇ ಹೀಗೆ ಬರೆದೆ: ಒಳಗೆ ಕೂರುವವರು, ಇಬ್ಬರು, ಇಬ್ಬರು.

"ಮೇಡಂ, ಇದಕ್ಕೆ ಹಸಿರು ಗುರುತು ಯಾರ ಕಡೆ ಹಾಕ್ಲಿ?" ಎಂದು ಡೆಸ್ಕ್‌ನವರು ಕೇಳಿದರು.

"ಯಾರ ಕಡೆಯೂ ಇಲ್ಲ."

"ಹಂಗಾದ್ರೆ ತೆಗೆದುಬಿಡ್ಲಾ? ಮೊಬೈಲಲ್ಲಿ ಉದ್ದ ಆಗ್ತಿದೆ."

ಇರಲಿ ಎನ್ನಬಹುದಿತ್ತು. ಅವರು ಯಾಕೆ ಎನ್ನುತ್ತಿದ್ದರು, ನಾನು ಅಕ್ಕನ ಮಗಳ ವಿಷಯ ಹೇಳಬೇಕಾಗುತ್ತಿತ್ತು. ಮನೆಯ ಸಂಗತಿಯನ್ನು ಸುದ್ದಿಯೊಳಗೆ ತರಬಾರದೆಂದು ಅವರಿಗೆ ಕಲಿಸಿದವಳೇ ನಾನು.

"ತೆಗೀರಿ" ಎಂದೆ.

ಬರೆದದ್ದು ಪ್ರಕಟವಾದಾಗಲೆಲ್ಲ ಅಕ್ಕನಿಗೆ ಕಳಿಸುತ್ತಿದ್ದೆ. ಈ ಸಲ ಕಳಿಸಲಿಲ್ಲ. ಅವಳೇ ಹುಡುಕಿ ಓದಿದ್ದಳು. ಸಂಜೆ ಫೋನಿನಲ್ಲಿ ಒಂದೇ ಸಾಲು ಬಂದಿತ್ತು: "ಈ ಸರ್ತೀನೂ ಇಲ್ಲಲ್ಲೇ."