ಹನುಮಮ್ಮನ ಬೀಸುಕಲ್ಲು

ಬಳ್ಳಾರಿಯ ಕೋಟೆ ಗುಡ್ಡದ ಕೆಳಗಿನ ಓಣಿಗಳಲ್ಲಿ ಹನುಮಮ್ಮನನ್ನು ಅರಿಯದ ಹೆಂಗಸರಿರಲಿಲ್ಲ. ಸವೆದು ನುಣ್ಣಗಾದ ಬೀಸುಕಲ್ಲು, ಒರಳುಗಳಿಗೆ ಉಳಿಯಿಂದ ಕಚ್ಚು ಹೊಡೆದು ಮತ್ತೆ ಒರಟು ಮಾಡಿಕೊಡುವುದು ಅವಳ ಕಸುಬು. ಸಿರಿಗೇರಿಯಿಂದ ಗಂಡನ ಹಿಂದೆ ಬಂದವಳು. ಗಂಡ ತೀರಿದ ಮೇಲೂ ಉಳಿ ಬಿಡಲಿಲ್ಲ, ಬಳ್ಳಾರಿಯನ್ನೂ ಬಿಡಲಿಲ್ಲ.

ಸಾವಿರದ ಒಂಬೈನೂರ ಎಪ್ಪತ್ತೊಂದರ ಬೇಸಿಗೆಯಲ್ಲಿ ಅಣ್ಣ ಕೆಂಚಣ್ಣ ಅವಳನ್ನು ಕರೆದೊಯ್ಯಲೆಂದೇ ಬಂದ. "ಯಾರದಾರ ನಿನಗಿಲ್ಲಿ? ನಾಳಿ ಬಸ್ಸಿಗೆ ಊರಿಗೆ ಹೊಂಡು," ಎಂದ. ಹನುಮಮ್ಮನಿಗೆ ಅಣ್ಣನ ಮಾತು ಮೀರಿ ಗೊತ್ತಿರಲಿಲ್ಲ; ಹೋಗಲು ಮನಸ್ಸೂ ಇರಲಿಲ್ಲ.

"ಇವತ್ತೊಂದಿನ ನನ್ ಕೂಡ ತಿರುಗು ಬಾರಣ್ಣ, ಆಮ್ಯಾಲೆ ಹೇಳು," ಎಂದಳು.

ತಿರುಗಿದರು. ಮೊದಲ ಮನೆಯವರು ಕುರುಗೋಡಿನವರು, ಅವರದು ಜೋಳದ ಕಲ್ಲು. ಮುಂದಿನದು ತೆಲುಗು ಸೀಮೆಯ ಆಲೂರು ಕಡೆಯ ಸುಂಕಲಮ್ಮನ ಒರಳು. ಕಾಲುವೆ ನೀರು ಬಂದು ಸಿರುಗುಪ್ಪದ ಕಡೆ ಭತ್ತ ಬೆಳೆದದ್ದೇ, ಅಕ್ಕಿ ಮಿಲ್ಲಿನ ಕೆಲಸಕ್ಕೆಂದು ಗಡಿಯಾಚೆಯಿಂದ ಬಂದ ಸಂಸಾರ ಅದು; ದೋಸೆ ಹಿಟ್ಟಿಗೆ ಕಚ್ಚು ಸಣ್ಣಗಿರಬೇಕು. ಹನುಮಮ್ಮ ಅವಳೊಡನೆ ತೆಲುಗಿನಲ್ಲೇ ಹರಟಿದಳು. ಆಮೇಲೆ ಮಸಾಲೆ ಅರೆಯುವ ಸಾಬರ ಮನೆ, ಅಲ್ಲಿ ಉರ್ದು. ರೈಲ್ವೆ ನೌಕರರ ಸಾಲಿನಲ್ಲಿ ತಮಿಳು. ಅದು ಬಾರದಿದ್ದರೇನು, ಅವಳ ಕೈಸನ್ನೆಗೆ ಕೊರತೆಯಿರಲಿಲ್ಲ.

"ಇಷ್ಟು ಮಂದಿ ಎಲ್ಲಿಂದ ಬಂದಾರ ತಂಗಿ?" ಎಂದು ಕೆಂಚಣ್ಣ ಬಾಯಿ ಬಿಟ್ಟುಕೊಂಡು ಕೇಳಿದ.

ಸಂಜೆ ಅವಳು ಅವನನ್ನು ಗುಡ್ಡದ ಅರ್ಧಕ್ಕೆ ಹತ್ತಿಸಿದಳು. ಆ ಗುಡ್ಡವನ್ನೂ ಎದುರಿನ ಕುಂಬಾರ ಗುಡ್ಡವನ್ನೂ ಸುತ್ತಿಕೊಂಡು ಕಣ್ಣು ಹಾಯುವಷ್ಟು ದೂರ ಮನೆಗಳು. ಬಂಡೆ ಜಾಗ ಕೊಡಲೊಲ್ಲದು, ಮಂದಿ ಬರುವುದು ಬಿಡಲೊಲ್ಲರು. ಊರು ಸುತ್ತಿ ಬಳಸಿ ಬೆಳೆದಿತ್ತು. ಹನ್ನೆರಡು ವರ್ಷದಿಂದ ನೋಡುತ್ತಿದ್ದರೂ ಹನುಮಮ್ಮನಿಗೆ ಮೈ ಜುಮ್ಮೆಂದಿತು. ಅಬ್ಬಾ, ಎಷ್ಟು ಒಲೆಗಳು, ಎಷ್ಟು ಬಗೆಯ ಹಿಟ್ಟು!

"ಮಂದಿ ಬರತಾರ, ಹೋಗತಾರ. ಈ ಗುಡ್ಡದ ಬುಡಕ ಕಡದ ಕಲ್ಲು ಕೊಂಡು ಮನ್ಯಾಗ ಇಟ್ಟವ್ರು ಮಾತ್ರ ಹೋಗಂಗಿಲ್ಲಣ್ಣ. ಅಷ್ಟು ಭಾರ ಯಾರು ಹೊರತಾರ? ಕಲ್ಲು ಕಂಡ್ರ ನನಗ ತಿಳೀತೈತಿ, ಇವ್ರು ಬಳ್ಳಾರಿಯವ್ರಾದ್ರು ಅಂತ."

"ನಿನ್ನ ಮನ್ಯಾಗ ಕಲ್ಲೆಲ್ಲೈತಿ?" ಕೆಂಚಣ್ಣ ಕೇಳಿದ.

ಹನುಮಮ್ಮನ ಮನೆಯಲ್ಲಿ ಕಲ್ಲೇ ಇರಲಿಲ್ಲ. ಮಂದಿಯ ಕಲ್ಲನ್ನೆಲ್ಲ ಹೊಡೆದವಳು, ತನ್ನ ಹಿಡಿ ಜೋಳವನ್ನು ಇಷ್ಟು ವರ್ಷ ಪಕ್ಕದ ಮನೆಯಲ್ಲೇ ಬೀಸಿಕೊಳ್ಳುತ್ತಿದ್ದಳು. ಒಂದಲ್ಲ ಒಂದು ದಿನ ಸಿರಿಗೇರಿಗೆ ಮರಳಬೇಕಾದೀತೆಂದು ಒಳಗೊಳಗೇ ಅಂಜುತ್ತಿದ್ದಳೇನೋ. ನಾಚಿಕೆಯೂ ಆಯಿತು, ಅಳುವೂ ಬಂತು.

ಮರುದಿನ ಬಸ್ಸಿನ ಹೊತ್ತಿಗೆ ಮೊದಲೇ ಅವಳು ಅಣ್ಣನೊಡನೆ ಕಲ್ಲು ಕಡಿಯುವವರ ಬಳಿ ಹೋದಳು. ಒಂದೊಂದನ್ನೂ ಬಡಿದು, ಸದ್ದು ಕೇಳಿ, ಬೀಸುಕಲ್ಲೊಂದನ್ನು ಆರಿಸಿದಳು. ಅಣ್ಣನ ಮುಖ ನೋಡಲು ಧೈರ್ಯವಾಗಲಿಲ್ಲ. ಕೆಂಚಣ್ಣ ತಲೆಯ ರುಮಾಲು ಬಿಚ್ಚಿ, ಕಲ್ಲು ಹೊರಲು ಸಿಂಬಿ ಸುತ್ತಿ ನೆತ್ತಿಯ ಮೇಲಿಟ್ಟುಕೊಂಡ.

"ಎತ್ತು ಮತ್ತ," ಎಂದ. "ಇದನ್ನ ನಿನ್ನ ಮನ್ಯಾಗ ಇಳಿಸೇ ನಾ ಬಸ್ಸು ಹತ್ತೋದು."